ಕೊಳಚೆ ನೀರಿಗೊಂದು ಪಂಚಾಂಗ

ಶಂಕರಪುರಂನಲ್ಲಿ ನಮ್ಮ ಚಿಕ್ಕಪ್ಪನಷ್ಟು ಪಂಚಾಂಗ ನೋಡುವವರು ಪುರೋಹಿತರಲ್ಲೂ ಇರಲಿಲ್ಲ. ದೈವಭಕ್ತಿ ಎಂದುಕೊಂಡಿರಾ? ಅವರು ಹುಡುಕುತ್ತಿದ್ದದ್ದು ಕೊಳಚೆ ಯಾವತ್ತು ಎಲ್ಲಿ ಉಕ್ಕುತ್ತದೆ ಎಂಬುದನ್ನು!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಛತ್ರ, ಹಾಸ್ಟೆಲ್, ನರ್ಸಿಂಗ್ ಹೋಮುಗಳ ಹಿತ್ತಲಲ್ಲಿ ಕೊಳಚೆ ನೀರು ಶುದ್ಧ ಮಾಡುವ ಪುಟ್ಟ ಘಟಕಗಳಿರುತ್ತವಲ್ಲ, ಅವನ್ನು ನಡೆಸುವ ಕಂಪನಿಯಲ್ಲಿ ಅವರು ಸೂಪರ್‌ವೈಸರ್. ಘಟಕಗಳು ಜಾಸ್ತಿ, ಆಳುಗಳು ಕಮ್ಮಿ. ಮದುವೆ ಮುಹೂರ್ತ ಬಂತೆಂದರೆ ಹಾಸ್ಟೆಲಿನ ಆಳನ್ನು ಛತ್ರಕ್ಕೆ ಎಳೆಯಬೇಕು. ಪರೀಕ್ಷೆ ಬಂತೆಂದರೆ ವಾಪಸ್ ಹಾಸ್ಟೆಲಿಗೆ. ಏಕಾದಶಿ ದಿನ ಕೆಲಸ ಹಗುರವೆಂದು ನಂಬಿ ಒಮ್ಮೆ ಎಲ್ಲರಿಗೂ ರಜೆ ಕೊಟ್ಟು ಕೆಟ್ಟರು. ಉಪವಾಸದವರು ಎಷ್ಟು ಉಪ್ಪಿಟ್ಟು ತಿನ್ನುತ್ತಾರೆಂದು ಪಂಚಾಂಗದಲ್ಲಿ ಬರೆದಿರುತ್ತದೆಯೇ?

ಮದುವೆಗೆ ಹೋದರೂ ಅಷ್ಟೆ. ಊಟ ಬಿಟ್ಟು, ಕೈತೊಳೆಯುವ ಜಾಗದಲ್ಲಿ ನಿಂತು ಹೆಣ್ಣಿನ ತಂದೆಯನ್ನು ಕೇಳುತ್ತಿದ್ದರು: "ಎಷ್ಟು ಪಂಕ್ತಿ ಆಗತ್ತೆ ಸ್ವಾಮಿ? ತುಪ್ಪ ಸ್ವಲ್ಪ ಕಮ್ಮಿ ಬಡಿಸಿ."

ಒಂದು ವಿಷಯದಲ್ಲಿ ಮಾತ್ರ ತಮಾಷೆ ನಡೆಯುತ್ತಿರಲಿಲ್ಲ. ಟ್ಯಾಂಕಿಗೆ ಒಬ್ಬ ಇಳಿದರೆ, ಅವನಿಗೆ ಕಟ್ಟಿದ ಹಗ್ಗ ಹಿಡಿದು ಮೇಲೊಬ್ಬ ನಿಲ್ಲಲೇಬೇಕು. ಅದಕ್ಕೆ ಕಾರಣವಿತ್ತು. ಹಿಂದೆ ನಮ್ಮಪ್ಪ ಅದೇ ಕಂಪನಿಯಲ್ಲಿ ಪಂಪ್ ಮೆಕ್ಯಾನಿಕ್ ಆಗಿದ್ದರು. ಆಷಾಢದಲ್ಲಿ ಮದುವೆಗಳಿಲ್ಲ, ಕೆಲಸವೇನು ಮಹಾ ಎಂದು ಅವರೊಬ್ಬರನ್ನೇ ಒಂದು ಛತ್ರಕ್ಕೆ ಕಳಿಸಿದ್ದರು. ಹರಿಯದೆ ನಿಂತ ಕೊಳಚೆಯಲ್ಲಿ ವಿಷಗಾಳಿ ತುಂಬಿತ್ತು. ಟ್ಯಾಂಕಿಗಿಳಿದ ಅಪ್ಪ ಮೇಲೆ ಬರಲಿಲ್ಲ. ಸ್ವಂತ ಅಣ್ಣನನ್ನು ಕಳಿಸಿದ್ದು ಚಿಕ್ಕಪ್ಪನೇ. ಆಮೇಲೆ ಅಮ್ಮ, ಅಕ್ಕ, ನಾನು, ಮೂವರನ್ನೂ ಸಾಕಿದ್ದು ಅವರೇ.

ಅವರದೇ ಕಂಪನಿ ನೋಡಿಕೊಳ್ಳುತ್ತಿದ್ದ ಚಾಮರಾಜಪೇಟೆಯ ಛತ್ರದಲ್ಲಿ ಅಕ್ಕನ ಮದುವೆ ಗೊತ್ತಾದಾಗ ಅವರ ತಕರಾರು ಶುರುವಾಯಿತು. "ಆ ದಿನ ಬೇಡ. ಊರೆಲ್ಲಾ ಮದ್ವೆ. ನನ್ ಹತ್ರ ಜನ ಇಲ್ಲ."

"ಗಂಡು ಇದಾನಲ್ಲ, ಸಾಲ್ದಾ?" ಎಂದರು ಅಮ್ಮ.

"ಗಂಡು ಟ್ಯಾಂಕ್‌ಗೆ ಇಳೀತಾನಾ?"

ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಅವರು ನಗಲಿಲ್ಲ.

ಮದುವೆಯ ದಿನ ಧಾರೆಯ ಹೊತ್ತಿಗೆ ಚಿಕ್ಕಪ್ಪ ಮಾಯ! ಅಪ್ಪನ ಸ್ಥಾನದಲ್ಲಿ ಧಾರೆ ಎರೆಯಬೇಕಾದವರೇ ಅವರು. ಹಿತ್ತಲಿಗೆ ಓಡಿದೆ. ಪಂಪ್ ಕಟ್ಟಿಕೊಂಡು ಕೊಳಚೆ ಉಕ್ಕುತ್ತಿತ್ತು. ಇದ್ದೊಬ್ಬ ಆಳು ಟ್ಯಾಂಕಿಗೆ ಇಳಿದಿದ್ದ. ಚಿಕ್ಕಪ್ಪ ರೇಷ್ಮೆ ಪಂಚೆಯ ಮೇಲೇ ಹಗ್ಗ ಸುತ್ತಿಕೊಂಡು ನಿಂತಿದ್ದರು.

"ಮುಹೂರ್ತ ಮೀರ್ತಿದೆ ಚಿಕ್ಕಪ್ಪ. ಕೊಡಿ, ನಾನ್ ಹಿಡ್ಕೋತೀನಿ."

"ಧಾರೆ ಬೇಕಾದ್ರೆ ನೀನೇ ಎರಿ. ಹಗ್ಗ ಕೊಡಲ್ಲ," ಎಂದರು, ಟ್ಯಾಂಕಿನಿಂದ ಕಣ್ಣು ತೆಗೆಯದೆ.

ಹೋಗಿ ಹೇಳಿದೆ. ಪುರೋಹಿತರು ಗಡಿಯಾರ ತೋರಿಸಿದರು. ಅಕ್ಕ ಹಸೆಮಣೆಯಿಂದ ಕದಲಲಿಲ್ಲ. "ಮುಹೂರ್ತ ಇನ್ನೊಂದು ಸಿಗತ್ತೆ. ಚಿಕ್ಕಪ್ಪನ್ನ ಅವಸರ ಮಾಡ್ಬೇಡಿ," ಎಂದಳು.

ಕೊನೆಗೂ ಬಂದರು. ಹಿಂದೆ ಆ ಆಳು, ಮೈಯೆಲ್ಲ ಕೆಸರು, ಜೀವಂತ.

"ಕೈ ನಾರ್ತಿದೆ ಪುಟ್ಟಿ. ತೊಳ್ಕೊಂಡ್ ಬಂದ್ಬಿಡ್ತೀನಿ."

ಅಕ್ಕ ಆ ಕೈಗಳನ್ನು ಎಳೆದು ಕಣ್ಣಿಗೊತ್ತಿಕೊಂಡಳು. "ಅಪ್ಪನ ಕೈಯೂ ಹೀಗೇ ಇರ್ತಿತ್ತು," ಎಂದಳು.

ಅಷ್ಟು ಜನರ ಮುಂದೆ ಚಿಕ್ಕಪ್ಪ ಬಿಕ್ಕಿಬಿಕ್ಕಿ ಅತ್ತರು. ಅಪ್ಪ ಹೋದ ದಿನವೂ ಅವರು ಅತ್ತದ್ದನ್ನು ನಾವು ನೋಡಿರಲಿಲ್ಲ.