ದೊಡ್ಡಮ್ಮನ ಕೃಷ್ಣನೂ ನನ್ನ ಹೊಟ್ಟೆಕಿಚ್ಚೂ

ದೇವರ ಮೇಲೆ ಭಕ್ತಿ ಇದ್ದವರನ್ನು ನೀವು ಬೇಕಾದಷ್ಟು ನೋಡಿರಬಹುದು. ದೇವರ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ನೋಡಿದ್ದೀರಾ? ಇಲ್ಲವಾದರೆ ನನ್ನನ್ನು ನೋಡಿ! ಇದಕ್ಕೆ ಪೂರ್ತಿ ಕಾರಣ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಮಕ್ಕಳಿಲ್ಲದ ಅವರು ಕುಲಶೇಖರದ ನಮ್ಮ ಮನೆಯಲ್ಲೇ ಇದ್ದರು. ಅವರ ಪಾಲಿಗೆ ಜಗತ್ತಿನಲ್ಲಿ ಚಂದದ ಮಗು ಅಂತ ಇದ್ದದ್ದು ಒಂದೇ: ದೇವರ ಕೋಣೆಯಲ್ಲಿದ್ದ, ಗೇಣುದ್ದವೂ ಇಲ್ಲದ, ಅಂಬೆಗಾಲಿನ ಹಿತ್ತಾಳೆ ಕೃಷ್ಣ. ತಮ್ಮಂದಿರ ಹಿಂದೆ ಓಡುವುದರಲ್ಲೇ ಅಮ್ಮ ಸುಸ್ತಾಗುತ್ತಿದ್ದುದರಿಂದ ನನ್ನನ್ನು ಮೀಯಿಸಿ, ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವರೂ ದೊಡ್ಡಮ್ಮನೇ. ಆದರೂ ಕಣ್ಣು ಮೂಗು ಎಲ್ಲ ಸರಿಯಾಗಿಯೇ ಇದ್ದ ನಾನೂ ಒಂದು ಮಗು ಎಂಬುದು ಅವರ ಗಮನಕ್ಕೆ ಬಂದ ಹಾಗೆ ಕಾಣುತ್ತಿರಲಿಲ್ಲ.

ಅಪ್ಪನಿಗೆ ಒಂದು ಸಣ್ಣ ಹೋಟೆಲಿತ್ತು. ಅಲ್ಲಿಗೆ ಬೇಕಾದ ಹಿಟ್ಟು ನಮ್ಮ ಮನೆಯ ಕಡೆಯುವ ಕಲ್ಲಿನಿಂದಲೇ ಹೋಗಬೇಕು. ದೊಡ್ಡಮ್ಮ ಆ ಕಲ್ಲಿನ ಮುಂದೆ ಕೂತರೆ ಸಾಕು, ಗುಂಡುಕಲ್ಲು ತಿರುಗುವ ತಾಳಕ್ಕೆ ಕೃಷ್ಣನ ಹೊಸ ಹಾಡೊಂದು ಹುಟ್ಟುತ್ತಿತ್ತು. ಹಾಡು ಮುಗಿಯುವವರೆಗೆ ಕೈ ನಿಲ್ಲದು. ಹಾಡು ಮುಗಿದ ಮೇಲೆ ಕೈ ಆಡದು! ಮುಂಗುರುಳಿನ ಮೇಲೆ ಹಾಡು ಕಟ್ಟಿದ ದಿನ ದೋಸೆ ಹಿಟ್ಟು ಬೆಣ್ಣೆಯ ಹಾಗೆ ನುಣ್ಣಗೆ. ಹಾಡು ಗಿಡ್ಡವಾದ ದಿನ ಗಿರಾಕಿಗಳ ಹಲ್ಲಿಗೆ ಅಕ್ಕಿ ಸಿಗುತ್ತಿತ್ತು. ಅಪ್ಪ ಬೆಳಿಗ್ಗೆ ಅಡುಗೆಮನೆಗೆ ಇಣುಕಿ, "ಅಕ್ಕಾ, ಇವತ್ತು ಕೃಷ್ಣನ ಎಂತ ಉಂಟು?" ಎಂದು ಕೇಳುತ್ತಿದ್ದರು. ಕಾಲಿನ ಕಿರುಬೆರಳು ಎಂದು ಉತ್ತರ ಬಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅಷ್ಟು ಪುಟ್ಟ ಬೆರಳಿನ ಮೇಲೆ ಎಷ್ಟು ಹೊತ್ತು ಅಂತ ಹಾಡಲಿಕ್ಕಾಗುತ್ತದೆ?

ನಮ್ಮ ಮನೆಮಾತು ತುಳು. ಕೃಷ್ಣನಿಗೆ ಮಾತ್ರ ಕನ್ನಡ, ಅದೂ ಭಜನೆ ಕೇಳಿ ಕಲಿತ ಚಂದದ ಕನ್ನಡ. ಅವನಿಗೆ ತುಳು ಬರುವುದಿಲ್ಲವಾ ಎಂದು ನಾನು ಕೇಳಿಯೇ ಬಿಟ್ಟೆ. "ಬರ್ತದೆ. ಆದರೆ ತುಳುವಿನಲ್ಲಿ ನನಗೆ ಬೈದು ಅಭ್ಯಾಸ" ಅಂದರು. ಯಾರನ್ನು ಬೈದು ಅಂತ ಬೇರೆ ಹೇಳಬೇಕೆ! ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದರೆ ಸೌಟಿನ ಪೆಟ್ಟು. ಅವನು ಊರವರ ಬೆಣ್ಣೆಯನ್ನೆಲ್ಲ ಕದ್ದರೆ ಉದ್ದುದ್ದದ ಹಾಡು. ಮಣ್ಣು ತಿಂದ ನನಗೆ ಹರಳೆಣ್ಣೆ. ಮಣ್ಣು ತಿಂದ ಅವನ ಬಾಯಲ್ಲಿ ಬ್ರಹ್ಮಾಂಡ!

ಅಷ್ಟಮಿ ಹತ್ತಿರ ಬಂದಾಗ ಬಟ್ಟೆಯ ಗಂಟು ಹೊತ್ತು ಬ್ಯಾರಿ ವ್ಯಾಪಾರಿಯೊಬ್ಬರು ಬರುತ್ತಿದ್ದರು. ದೊಡ್ಡಮ್ಮ ಬೆರಳಿನಲ್ಲಿ ಅಳತೆ ತೋರಿಸಿ, ಮಗುವಿನ ಅಂಗಿಗೆ ಎಂದು ಹೇಳಿ ವೆಲ್ವೆಟಿನ ತುಂಡು ಕೊಳ್ಳುತ್ತಿದ್ದರು. ನನಗೆ? ಅಮ್ಮನ ಹಳೇ ಸೀರೆಯಲ್ಲಿ ಹೊಲಿದ ಲಂಗ. ಕೆಲವು ವರ್ಷ ಹೀಗೇ ನಡೆದ ಮೇಲೆ ಆ ಸಾಧು ಮನುಷ್ಯನಿಗೆ ಚಿಂತೆ ಹತ್ತಿತು. ಮಗು ಬೆಳೆಯುತ್ತಲೇ ಇಲ್ಲ, ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದು ದನಿ ತಗ್ಗಿಸಿ ಹೇಳಿದರು. ದೊಡ್ಡಮ್ಮ ನಗಲಿಲ್ಲ.

"ಬೆಳೆಯುವುದು ಬೇಡ ಸಾಹೇಬ್ರೇ. ಬೆಳೆದರೆ ಮಥುರೆಗೆ ಹೋಗ್ತಾನೆ."

ಅವರಿಗೆ ಏನು ಅರ್ಥವಾಯಿತೋ, ಆ ವರ್ಷ ಬಟ್ಟೆಗೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಅನುಕಂಪವೂ ಅವನ ಪಾಲಿಗೇ ಹೋಯಿತಲ್ಲ ಎಂದು ನನಗೆ ಅವತ್ತು ಊಟ ಸೇರಲಿಲ್ಲ.

ಎಲ್ಲಕ್ಕಿಂತ ಉರಿದದ್ದು ಬಣ್ಣದ ವಿಷಯದಲ್ಲಿ. ಹಾಡಿನ ಕೃಷ್ಣ ಕಪ್ಪು. ನಾನೂ ಕಪ್ಪು. ಅವನದಾದರೆ ಮಳೆಮೋಡ, ನೇರಳೆಹಣ್ಣು, ನೈದಿಲೆ! ನನ್ನದಾದರೆ ಮನೆಗೆ ಬಂದ ನೆಂಟರೆಲ್ಲ ಅರಶಿನ ಹಚ್ಚಿ ನೋಡಿ ಎಂದು ಹೇಳಿ ಹೋಗುತ್ತಿದ್ದರು. ಒಂದೇ ಬಣ್ಣಕ್ಕೆ ಎರಡು ನ್ಯಾಯವೇ? ದೊಡ್ಡಮ್ಮ ಅರಶಿನವನ್ನೂ ಹಚ್ಚುತ್ತಿರಲಿಲ್ಲ. ನನಗಾಗಿ ಒಂದು ಚಿಟಿಕೆ ಅರಶಿನ ಖರ್ಚು ಮಾಡುವಷ್ಟೂ ಪ್ರೀತಿ ಇಲ್ಲ ಎಂದು ಅದಕ್ಕೂ ನನಗೆ ಸಿಟ್ಟು. ಒಮ್ಮೆ, ಒಂದೇ ಒಂದು ಸಲ, ಅವರ ಬಾಯಲ್ಲಿ ನಾನು ಚಂದ ಅಂತ ಬರಲಿ ಎಂದು ಕಾದು ಕಾದು ಮದುವೆಯ ವಯಸ್ಸಿಗೆ ಬಂದೆ.

ತೊಕ್ಕೊಟ್ಟು ಕಡೆಯ ಗಂಡಿನವರು ನೋಡಲು ಬಂದರು. ಆಗಿನ್ನೂ ನೇತ್ರಾವತಿಗೆ ರಸ್ತೆ ಸೇತುವೆ ಇರಲಿಲ್ಲ. ಪಾಪ, ದೋಣಿ ಹತ್ತಿ ಬಂದಿದ್ದರು. ನಾನು ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ. ಹುಡುಗನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಲಾಯ್ಕ್ ಇದ್ದಾಳೆ. ಬಣ್ಣ ಒಂದು ಸ್ವಲ್ಪ ಕಮ್ಮಿ" ಅಂದರು. ಅಪ್ಪ ನೆಲ ನೋಡಿದರು. ಅಡುಗೆಮನೆಯಲ್ಲಿ ತಿರುಗುತ್ತಿದ್ದ ಕಲ್ಲು ಹಾಡಿನ ನಡುವೆಯೇ ನಿಂತಿತು. ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಚಾವಡಿಗೆ ಬಂದರು.

"ಕಮ್ಮಿ ಎಂತದ್ದು? ನಾನು ಕಟ್ಟಿದ ಹಾಡೆಲ್ಲ ಈ ಬಣ್ಣದ್ದೇ. ದೇವರ ಕೋಣೆಯಲ್ಲಿ ಇರುವವ ಹಿತ್ತಾಳೆ, ಹಳದಿ. ಕಪ್ಪು ಎಷ್ಟು ಚಂದ ಅಂತ ನನಗೆ ಗೊತ್ತಾದದ್ದು ಇವಳನ್ನು ಮೀಯಿಸುವಾಗ."

ಅಷ್ಟು ಹೇಳಿ ಒಳಗೆ ಹೋದರು. ಕಲ್ಲು ಮತ್ತೆ ತಿರುಗಿತು.

ಬಂದವರು ಕಾಫಿ ಕುಡಿದು ದೋಣಿಗೆ ಹೊರಟರು. ಆ ಸಂಬಂಧ ಕೂಡಿ ಬರಲಿಲ್ಲ. ನನಗಂತೂ ಒಂದು ಚೂರೂ ಬೇಸರವಾಗಲಿಲ್ಲ. ಅಡುಗೆಮನೆಗೆ ಹೋಗಿ ದೊಡ್ಡಮ್ಮನ ಪಕ್ಕ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಅವರು ತಲೆ ಎತ್ತದೆ, "ಅಳುವುದಾದರೆ ಆಚೆ ಕೂತ್ಕೋ ಮಾರಾಯ್ತಿ, ಹಿಟ್ಟಿಗೆ ಬೀಳ್ತದೆ" ಅಂದರು. ನಾನು ಆಚೆ ಹೋಗಲಿಲ್ಲ. ಅವರ ಹೆಗಲಿಗೆ ಮುಖ ಒತ್ತಿ ಅಲ್ಲೇ ಕೂತೆ.

ಗೋಡೆಯ ಆಚೆ ದೇವರ ಕೋಣೆ. ಚಾವಡಿಯ ಮಾತೆಲ್ಲ ಅವನಿಗೂ ಕೇಳಿಸಿರಬೇಕು. ಪಾಪ, ಅವತ್ತು ಅವನಿಗೆ ಎಷ್ಟು ಹೊಟ್ಟೆಕಿಚ್ಚಾಯಿತೋ!