ದೋಣಿ ಹತ್ತಿದ ಜಾತಕ

ಚೂರು ಕಾಗದ ಕಂಡರೆ ಮಡಿಚದೆ ಬಿಡಲಾಗದವರ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ಮಳೆಗಾಲಕ್ಕೊಂದು ತಪ್ಪಿದ್ದಲ್ಲ.

ನಾನು ಕಾರವಾರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವಳು. ಲಗ್ನಪತ್ರಿಕೆಯ ಅಂಚು ಕತ್ತರಿಸುವಾಗ ಬೀಳುವ ಬಣ್ಣದ ಪಟ್ಟಿಗಳನ್ನು ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಚೀಲಕ್ಕೆ ತುಂಬಿ ಶೆಟಗೇರಿಯ ಮನೆಗೆ ತರುತ್ತೇನೆ. ಮಡಿಚಿ ಮಡಿಚಿ ಮರ, ಮನೆ, ಹಕ್ಕಿ ಮಾಡಿ ರಟ್ಟಿನ ಮೇಲೆ ನಿಲ್ಲಿಸಿದರೆ ಚೌತಿಯಲ್ಲಿ ಗಣಪತಿಯ ಹಿಂದಿಡುವ ದೇಖಾವೆ ಸಿದ್ಧ. ಏನೇ ಮಾಡಲಿ, ಕತ್ತರಿ ಮುಟ್ಟುವುದಿಲ್ಲ. ಅದು ನನ್ನ ಹಟ. ಅತ್ತೆಗೆ ಆ ಚೀಲ ಕಂಡರಾಗದು.

ಬಸ್ಸಿನಲ್ಲಿ

ಒಂದು ಸಂಜೆ ಬಸ್ಸು ತೋಡೂರು ದಾಟುತ್ತಿದ್ದಾಗ ಚೀಲ ಹರಿಯಿತು. ಕಿಟಕಿಯ ಗಾಳಿಗೆ ಕೆಂಪು, ಹಳದಿ ಚೂರುಗಳು ಬಸ್ಸಿಡೀ ಹಾರಿದವು. ನಾನು ನಾಚಿಕೆಯಿಂದ ಸೀಟಿನ ಕೆಳಗೆ ತೂರಿದೆ. ಆಗಷ್ಟೇ ತೋಡೂರಿನಲ್ಲಿ ಹತ್ತಿದ ಹೆಂಗಸೊಬ್ಬರು ಜೊತೆಗೆ ಕೂತು ಆರಿಸಿಕೊಟ್ಟರು. ಎಲ್ಲ ಕೇಳಿಕೊಂಡು, "ಮನೇಲಿ ಮದ್ವೆಗೆ ಬಂದ ಹುಡುಗಿ ಇದ್ದಾಳಾ?" ಎಂದರು. ನಾದಿನಿ ಇದ್ದಾಳೆ ಎಂದೆ.

"ನಮ್ಮ ಹುಡುಗಂಗೆ ನೋಡ್ತಾ ಇದ್ದೇವೆ. ಚೌತಿಗೆ ಗಣಪತಿ ನೋಡೂಕೆ ಬರ್ತೇವೆ. ಪಿತೃಪಕ್ಷ ಬರೂದ್ರ ಒಳಗೆ ಜಾತಕ ತೋರಿಸಿ ಆಗ್ಬೇಕು."

ಕಂಡಕ್ಟರು ತಲೆ ಮೇಲಿನ ಚೂರುಗಳನ್ನು ಕೊಡವುತ್ತ, "ಅಕ್ಷತೆ ಬಿದ್ದದ್ದು ನನ್ನ ತಲೆ ಮೇಲೆ, ಮದುವೆ ಮತ್ಯಾರಿಗೋ" ಎಂದ.

ಎರಡು ಗಾಳಿ

ಹುಡುಗನ ಫೋಟೋ ಬಂತು. ನಾದಿನಿ ಅದನ್ನು ನೋಡಿದ ದಿನದಿಂದ ಒಬ್ಬಳೇ ನಗತೊಡಗಿದಳು. ಅತ್ತೆ ನನ್ನ ಚೀಲಕ್ಕೆ ಬೈಯುವುದನ್ನೇ ಬಿಟ್ಟರು. ನಾನು ಹುರುಪಿನಿಂದ ಬೇಲೆಕೇರಿಯ ದಂಡೆಯ ದೇಖಾವೆ ಶುರುಮಾಡಿದೆ. ತೆಂಗಿನ ಮರಗಳು, ನಡುವೆ ಒಂದು ಹಾಯಿದೋಣಿ.

ಹಬ್ಬಕ್ಕೆ ಎರಡು ದಿನ ಇರುವಾಗ ಬೇಲೆಕೇರಿಯ ಅಜ್ಜ ಬಂದರು. ನಮ್ಮ ಮಾವನ ಹಳೇ ದೋಸ್ತ, ಸಮುದ್ರದಲ್ಲೇ ಆಯುಷ್ಯ ಕಳೆದವರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ತಂಗೀ, ತೆಂಗು ಅತ್ಲಾಗೆ ಬಗ್ಗಿದೆ, ಹಾಯಿ ಇತ್ಲಾಗೆ ಉಬ್ಬಿದೆ. ಒಂದೇ ದಂಡೆಗೆ ಎರಡು ಗಾಳಿಯಾ?"

"ಕಾಗದದ ದೋಣಿ ಅಲ್ವಾ ಅಜ್ಜ."

"ಕಾಗದದ್ದಾದ್ರೆ ಎಂತಾಯ್ತು? ಗಣಪತಿ ಬೆನ್ನ ಹಿಂದೆ ದೋಣಿ ಮುಳುಗ್ತಾ ಇದ್ರೆ ಚಂದಾ? ಹಾಯಿ ನೋಡು, ತಂಪಿಗೆ ಈಗ್ಲೇ ಜೋತು ಬಿದ್ದದೆ. ದಪ್ಪ ಕಾಗ್ದ ಹಾಕು."

ದಪ್ಪ ಕಾಗದಕ್ಕಾಗಿ ಟ್ರಂಕು ತೆಗೆದೆ. ಹಳೇ ಕ್ಯಾಲೆಂಡರ್ ಹಾಳೆಗಳಿದ್ದವು. ಒಂದು ಮಾತ್ರ ಬಲು ದಪ್ಪ, ಎರಡು ಹಾಳೆ ಸೇರಿಸಿ ಸುತ್ತಲೂ ಅಂಚಿಗೆ ಗಂಜಿ ಹಚ್ಚಿ ಅಂಟಿಸಿದ್ದು. ಯಾರಪ್ಪ ಇಷ್ಟು ಅಚ್ಚುಕಟ್ಟಿನವರು ಎಂದು ಮೆಚ್ಚಿಕೊಂಡೇ ಮಡಿಚಿದೆ. ಹೊಸ ಹಾಯಿ ತೆಂಗು ಬಗ್ಗಿದ ಕಡೆಗೇ ಉಬ್ಬಿ ನಿಂತಿತು.

"ಈಗ ಗೋವೆ ಮುಟ್ತದೆ" ಎಂದರು ಅಜ್ಜ. ಅದು ತೋಡೂರಿಗೆ ಹೊರಟಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಟ್ರಂಕಿನ ಮುಂದೆ

ಚೌತಿಯ ದಿನ ಗಣಪತಿ ಕೂತ. ಪೂಜೆ ಮುಗಿಸಿ ಅತ್ತೆ ಜಾತಕ ತೆಗೆದಿಡಲು ಹೋದರು. ಸ್ವಲ್ಪ ಹೊತ್ತಿಗೆ ಟ್ರಂಕಿನ ಸಾಮಾನೆಲ್ಲ ನೆಲದ ಮೇಲಿತ್ತು.

"ಜಿರಲೆ ತಿನ್ನಬಾರದು ಅಂತ ಕ್ಯಾಲೆಂಡರ್ ಒಳಗೆ ಹಾಕಿ, ಸುತ್ತ ಗಂಜಿ ಹಚ್ಚಿ ಇಟ್ಟಿದ್ದೆ."

ನಾನು ಮಂಟಪದ ಹಾಯಿಯತ್ತ ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ, ನಾದಿನಿಯ ಮುಖ ನೋಡಿ ಮುಚ್ಚಿಕೊಂಡೆ. ಬರೆದ ಭಟ್ಟರು ಈಗಿಲ್ಲ, ಹುಟ್ಟಿದ ಗಳಿಗೆ ಬೇರೆಲ್ಲೂ ಬರೆದಿಟ್ಟಿಲ್ಲ. ನನ್ನ ಗಂಡ, "ಕಂಪ್ಯೂಟರಲ್ಲಿ ಹೊಸದು ತೆಗೆಸುವಾ. ಹುಟ್ಟಿದ್ದು ಎಷ್ಟು ಗಂಟೆಗೆ?" ಎಂದರು.

ಅತ್ತೆ ಬಹಳ ಯೋಚಿಸಿ ಹೇಳಿದರು: "ಮೀನಿನವಳು ಬಂದು ಹೋದ ಮೇಲೆ, ಅನ್ನ ಬಸಿಯೂಕೆ ಮೊದ್ಲು."

ಗಣಪತಿಯ ಬೆನ್ನು

ನಮ್ಮ ಮನೆಯ ಪದ್ಧತಿ ಕಟ್ಟುನಿಟ್ಟು. ಒಮ್ಮೆ ಗಣಪತಿ ಕೂತರೆ ಐದನೇ ದಿನದವರೆಗೆ ಮಂಟಪದ ಒಂದು ಕಡ್ಡಿಯನ್ನೂ ಅಲ್ಲಾಡಿಸುವಂತಿಲ್ಲ. ಹೂ ಏರಿಸುವ ನೆಪದಲ್ಲಿ ಎರಡು ಸಲ ಹಾಯಿಗೆ ಕೈ ಚಾಚಿದೆ. ಎರಡನೇ ಸಲ ಅತ್ತೆ, "ಎಂತದೇ ಅದು, ಗಣಪತಿ ಬೆನ್ನು ಕೆರೀತೆಯಾ?" ಎಂದರು.

ಮರುದಿನ ತೋಡೂರಿನವರು ಮಗನನ್ನು ಕರೆದುಕೊಂಡು ಬಂದರು. ಹುಡುಗ ನಾದಿನಿಯನ್ನು ನೋಡಿದ, ಅವನಮ್ಮ ದೋಣಿಯನ್ನು ನೋಡಿದರು. ಜಾತಕ ಕೇಳಿದಾಗ ಅತ್ತೆ, "ಭಟ್ರ ಹತ್ರ ಅದೆ, ಕಳಿಸ್ತೇವೆ" ಎಂದು ಸುಳ್ಳು ಹೇಳಿದರು. ಜಾತಕ ಅವರ ಎದುರಿಗೇ ಗಾಳಿ ತುಂಬಿಕೊಂಡು ನಿಂತಿತ್ತು. ನಾನು ಬೆವರುತ್ತ ಪಂಚಕಜ್ಜಾಯ ಹಂಚಿದೆ.

ಹೊರಡುವಾಗ ಆ ಹೆಂಗಸು, "ಹಬ್ಬ ಆದ ಮೇಲೆ ಈ ದೋಣಿ ನಮಗೆ ಕೊಡ್ತೀರಾ?" ಎಂದರು. ಅತ್ತೆ, "ಧಾರಾಳ" ಎಂದುಬಿಟ್ಟರು.

ಐದನೇ ದಿನ ಮೊದಲು ಹಾಯಿ ಬಿಚ್ಚಿಕೊಳ್ಳಬೇಕೆಂದು ಲೆಕ್ಕ ಹಾಕಿದ್ದೆ. ಅವತ್ತೇ ಪ್ರೆಸ್ಸಿನಲ್ಲಿ ಅವಸರದ ಕೆಲಸ ಬಂತು. ಬಸ್ಸಿಳಿದು ಓಡಿಬಂದರೆ ಗಣಪತಿ ಬಾವಿಗೆ ಹೋಗಿಯಾಗಿತ್ತು. ಹುಡುಗನೇ ಬಂದು ದೋಣಿ ಒಯ್ದಿದ್ದ.

"ಹಾಯಿ ಸಮೇತ?" ಎಂದೆ.

"ಹಾಯಿ ಕಿತ್ತಿಟ್ಕೊಂಡು ಕೊಡೂಕೆ ನಾವೇನು ಅಷ್ಟು ಗತಿಗೆಟ್ಟವ್ರಾ?" ಎಂದರು ಅತ್ತೆ.

ನಮ್ಮಲ್ಲಿ ಹಾಗೇ

ಇನ್ನು ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಕೂತು ಅಳುತ್ತ ಎಲ್ಲ ಹೇಳಿದೆ. ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ನಾದಿನಿ ಗೋಡೆಗೆ ಒರಗಿದಳು. ಅಷ್ಟರಲ್ಲಿ ಫೋನು ಬಂತು, ತೋಡೂರಿನದು.

"ಪಿತೃಪಕ್ಷಕ್ಕೆ ವಾರ ಉಳೀತು. ಜಾತಕ ಇನ್ನೂ ಬರ್ಲಿಲ್ಲ. ಮನಸ್ಸಿಲ್ದಿದ್ರೆ ಹೇಳಿಬಿಡಿ."

ಅತ್ತೆ ನನ್ನನ್ನು ಸುಡುವಂತೆ ನೋಡಿದರು. ಆಮೇಲೆ ಶಾಂತವಾಗಿ, "ಆಗ್ಲೇ ಮುಟ್ಟಿದೆಯಲ್ಲ. ದೋಣಿಯ ಹಾಯಿ ಬಿಚ್ಚಿ ನೋಡಿ. ನಮ್ಮಲ್ಲಿ ಜಾತಕ ಕೊಡೂದೇ ಹಾಗೆ" ಎಂದರು.

ಆ ಕಡೆ ಕಾಗದ ಬಿಚ್ಚುವ ಸದ್ದು ಕೇಳಿಸಿತು. ಕೊನೆಗೆ, "ಹೌದಾ? ಒಳ್ಳೇ ಪದ್ಧತಿ" ಎಂದು ಫೋನಿಟ್ಟರು. ಅತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ಹುಡುಗ ಒಂದು ಸಿಹಿತಿಂಡಿ ಡಬ್ಬಿ ಹಿಡಿದು ಬಂದ. "ನಮ್ಮ ಭಟ್ರು ನೋಡಿದ್ರು, ಹೊಂದ್ತದಂತೆ. ನನ್ನ ಜಾತಕನೂ ಕಳ್ಸಿದ್ದಾರೆ. ನಿಮ್ಮ ಪದ್ಧತಿ ತಪ್ಪಬಾರದು ಅಂತ ಅವ್ವಿ ಎರಡು ದಿನ ಕೂತು ಮಡಿಚಿದ್ಳು."

ಡಬ್ಬಿಯಲ್ಲಿ ಸೊಟ್ಟಗಿನ ಒಂದು ಕಾಗದದ ಏಡಿ. ಬೆನ್ನ ಮೇಲೆ ಹುಡುಗನ ರಾಶಿ, ನಕ್ಷತ್ರ. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ನನಗೆ ಹೋದ ಜೀವ ಬಂತು.

ಬೇಲೆಕೇರಿಯ ಅಜ್ಜ ಅವತ್ತೂ ಇದ್ದರು. ಏಡಿಯನ್ನು ಅಂಗೈಯಲ್ಲಿಟ್ಟು, ಕನ್ನಡಕ ಏರಿಸಿ, ಎರಡೆರಡು ಸಲ ಎಣಿಸಿದರು.

"ಒಂದು ಕಾಲು ಕಡಿಮೆ ಅದೆ" ಎಂದರು.

ಎಲ್ಲರೂ ಅತ್ತೆಯ ಮುಖ ನೋಡಿದೆವು. ಅತ್ತೆ ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು:

"ಇರ್ಲಿ. ಹುಡುಗಂಗೆ ಎರಡೂ ಅದೆ."