ಉಪರಾಷ್ಟ್ರಪತಿಗಳ ಜೇಬಿನಲ್ಲಿರುವ ನಮ್ಮ ಕತ್ತರಿ

ಮಾನ್ಯ ಉಪರಾಷ್ಟ್ರಪತಿಗಳೇ,

ರಾಷ್ಟ್ರಪತಿಗಳು ಆರೋಗ್ಯವಾಗಿದ್ದಾರೆಂದು ಬೆಳಗಿನ ವಾರ್ತೆಯಲ್ಲಿ ಕೇಳಿದೆ. ಆದ್ದರಿಂದ ತಾವು ಬಿಡುವಾಗಿದ್ದೀರೆಂದು ತಿಳಿದು, ಸಕಲ ಗೌರವಗಳೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ತಿಂಗಳು ತಾವು ಉದ್ಘಾಟಿಸಿದ ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸ್ ನಾನು. ತಟ್ಟೆ ಹಿಡಿದು ತಮ್ಮ ಎಡಕ್ಕೆ ನಿಂತಿದ್ದವಳು. ಪತ್ರಿಕೆಯ ಚಿತ್ರದಲ್ಲಿ ನನ್ನ ಮೊಣಕೈ ಮಾತ್ರ ಬಂದಿದೆ.

ತಮ್ಮ ಹುದ್ದೆಯನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಆಡಿಕೊಳ್ಳುವವರಿದ್ದಾರೆ. ನಾನು ಆ ಗುಂಪಿನವಳಲ್ಲ. ಸಂವಿಧಾನದ ಆ ಪುಟವನ್ನು ಮೂರು ಸಲ ಓದಿದ್ದೇನೆ. ಚಿಕ್ಕ ಪುಟ, ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೇಲಿನವರಿಗೆ ಏನಾದರೂ ಆಗುವವರೆಗೆ ಕಾಯುವುದು, ಏನೂ ಆಗದಿರಲಿ ಎಂದು ಎಲ್ಲರೆದುರು ಹಾರೈಸುವುದು, ಮೇಲ್ಮನೆಯ ಎತ್ತರದ ಕುರ್ಚಿಯಲ್ಲಿ ಕೂತು ಎಲ್ಲರ ಮಾತು ಕೇಳುವುದು, ಮತಗಳು ಸಮಸಮವಾದ ದಿನ ಮಾತ್ರ ತಮ್ಮದೊಂದು ಮತ ಹಾಕುವುದು. ಇಷ್ಟು ತಾಳ್ಮೆಯ ಕೆಲಸ ನಮ್ಮ ರೋಗಿಗಳನ್ನು ಬಿಟ್ಟರೆ ಇನ್ನಾರಿಗೂ ಇಲ್ಲ.

ಅಂಥ ದಿನ ತಮ್ಮ ಏಳು ವರ್ಷಗಳ ಸೇವೆಯಲ್ಲಿ ಒಂದೇ ಬಂದಿತು, ಅದೂ ನಮ್ಮ ರಿಬ್ಬನ್ನಿನ ದಿನವೇ ಬಂದಿತು. ಸಣ್ಣ ಊರುಗಳ ಡಯಾಲಿಸಿಸ್ ವಾರ್ಡುಗಳನ್ನು ಉಳಿಸುವ ಮಸೂದೆಗೆ ನಲವತ್ತೊಂದು ಪರ, ನಲವತ್ತೊಂದು ವಿರೋಧ ಎಂದೂ, ಸಭೆ ತಮಗಾಗಿ ಒಂದು ಗಂಟೆ ಕಾಯುವುದೆಂದೂ ತಮ್ಮ ಕಾರ್ಯದರ್ಶಿ ಕಿವಿಯಲ್ಲಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಹೆಲಿಕಾಪ್ಟರಿನಲ್ಲಿ ದಾರಿ ಮುಕ್ಕಾಲು ಗಂಟೆಯದು. ಸಮಾರಂಭದ ಕತ್ತರಿ ಮೊಂಡಾಗಿದ್ದರಿಂದ ನಾನು ಕೊಟ್ಟ ಡ್ರೆಸಿಂಗ್ ಕತ್ತರಿಯಲ್ಲಿ ತಾವು ರಿಬ್ಬನ್ ಕತ್ತರಿಸಿಯೂ ಆಗಿತ್ತು. ಆದರೆ ಫೋಟೋದವರು "ಸಾರ್, ಕಣ್ಣು ಮುಚ್ಚಿಬಿಟ್ರಿ, ಇನ್ನೊಂದ್ಸಲ" ಎಂದಾಗ, ಕರ್ತವ್ಯಕ್ಕೆ ಬೆನ್ನು ತೋರಿಸದೆ ತಾವು ನಿಂತಿರಿ. ತುಂಡಾದ ರಿಬ್ಬನ್ನಿಗೆ ಮತ್ತೆ ಗಂಟು ಹಾಕಿದವಳು ನಾನೇ. ಇಪ್ಪತ್ತೆರಡು ವರ್ಷ ಬ್ಯಾಂಡೇಜ್ ಕಟ್ಟಿದ ಕೈ, ಗಂಟು ಕಾಣದಂತೆ ಅಚ್ಚುಕಟ್ಟು ಮಾಡಲು ಹೊತ್ತು ತೆಗೆದುಕೊಂಡಿತು. ಆ ತಪ್ಪಿನಲ್ಲಿ ಅರ್ಧ ನನ್ನದು. ತಾವು ಕಣ್ಣು ಬಿಟ್ಟುಕೊಂಡು ಇನ್ನೊಮ್ಮೆ ಸೊಗಸಾಗಿ ಕತ್ತರಿಸಿ, ಕತ್ತರಿಯನ್ನು ಜೇಬಿಗಿಳಿಸಿ ಹೊರಟಿರಿ. ಹನ್ನೆರಡು ನಿಮಿಷ ತಡವಾಗಿ ತಲುಪಿದಿರೆಂದೂ, ಮತಗಳು ಸಮವಾಗಿಯೇ ಉಳಿದ ಮಸೂದೆ ನಿಯಮದಂತೆ ಬಿದ್ದುಹೋಯಿತೆಂದೂ ಸಂಜೆ ತಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಮ್ಮತ್ತೆ ಆ ವಾರ್ಡಿನ ಮೂರನೇ ಯಂತ್ರದವರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ತಾವು ಕೈ ಹಿಡಿದು "ನಾನಿದ್ದೀನಿ" ಎಂದದ್ದು ಅವರಿಗೇ. ವಾರ್ಡ್ ಮುಚ್ಚಿದರೆ ಮುಂದಿನ ಯಂತ್ರವಿರುವುದು ಬಸ್ಸಿನಲ್ಲಿ ಆರು ಗಂಟೆ ದೂರ. ಅಷ್ಟು ದೂರ ಅವರು ಹೋಗಲಾರರು, ಹೋಗದಿದ್ದರೆ ಉಳಿಯಲಾರರು. ಆದರೂ ಅವರಿಗೆ ತಮ್ಮ ಮೇಲೆ ಕೋಪವಿಲ್ಲ. "ಪಾಪ, ಕತ್ತರಿಸೋಕೆ ಕರೆದ್ರು, ಕತ್ತರಿಸಿದ್ರು, ಬಿಡಮ್ಮ" ಎನ್ನುತ್ತಾರೆ. ನನಗೆ ಕೋಪವಿದೆ.

ಮೊನ್ನೆ ವಾರ್ಡ್ ಮುಚ್ಚುವ ಅಧಿಕಾರಿಗಳು ಪಟ್ಟಿ ಹಿಡಿದು ಬಂದರು. ಯಂತ್ರ, ಮಂಚ, ಪರದೆ ಎಲ್ಲ ಸರಿಯಿದ್ದು, ಡ್ರೆಸಿಂಗ್ ಕತ್ತರಿ ಒಂದು ಕಡಿಮೆ ಬಿತ್ತು. ಅದು ತಮ್ಮ ಕೋಟಿನ ಬಲಜೇಬಿನಲ್ಲಿದೆ. ಅದನ್ನು ಹಿಂದಿರುಗಿಸುವಂತೆ ಕೋರಿ ನಾನು ಪತ್ರ ಬರೆಯಬೇಕೆಂದು ಅಪ್ಪಣೆಯಾಗಿದೆ, ಇಗೋ, ಕೋರಿದ್ದೇನೆ.

ತಮ್ಮ ವಿಶ್ವಾಸಿ,
ಚಿತ್ರದಲ್ಲಿರುವ ಮೊಣಕೈ

ಮರೆತಿದ್ದ ಮಾತು: ಪಟ್ಟಿಯಲ್ಲಿರುವುದೆಲ್ಲ ಕೈಸೇರದೆ ವಾರ್ಡಿಗೆ ಬೀಗ ಹಾಕುವಂತಿಲ್ಲವಂತೆ, ಬದಲಿ ಕತ್ತರಿಯೂ ನಡೆಯುವುದಿಲ್ಲವಂತೆ, ಅಲ್ಲಿಯವರೆಗೆ ಯಂತ್ರಗಳು ಓಡುತ್ತಿರಬೇಕಂತೆ. ನಾನಿದನ್ನು ಬರೆಯುವಾಗ ಅತ್ತೆ ಮೂರನೇ ಯಂತ್ರದ ಪಕ್ಕ ಮಲಗಿದ್ದಾರೆ. ಆದ್ದರಿಂದ ಮಾನ್ಯರೇ, ತಮ್ಮ ಹುದ್ದೆಯ ಘನತೆಗೆ ತಕ್ಕಂತೆ, ದಯವಿಟ್ಟು ಏನೂ ಮಾಡಬೇಡಿ.